ರೆಪ್ಪೆ ಬೀಳುವ ಹೊತ್ತು

ಎರಡು ಮಳೆಗಾಲದ ಹಿಂದಿನ ಮಾತು. ಮೂಡಿಗೆರೆ ಕಡೆಯ ನಮ್ಮೂರಿನ ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಒಬ್ಬ ಹೆಂಗಸು ಬೆಳಗಿನ ಜಾವ ನಾಲ್ಕಕ್ಕೆ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. ಹೊಟ್ಟೆ ಕಿವುಚಿದ ಹಾಗೆ ಆಗ್ತದೆ ಅಂದಳು. ಮನೆಯವರು ಜೀರಿಗೆ ಕಷಾಯ ಕಾಯಿಸಿ ಕುಡಿಸಿದರು. ರಾತ್ರಿ ಉಂಡ ಏಡಿ ಸಾರು ಅಜೀರ್ಣ ಆಗಿರಬೇಕು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಐದೂವರೆಗೆ ನನ್ನ ಮನೆ ಬಾಗಿಲು ತಟ್ಟಿದರು, ಹತ್ತಿರದಲ್ಲಿ ಜೀಪು ಇರುವುದು ನನ್ನ ಹತ್ತಿರ ಮಾತ್ರ. ನಾನು ಹೋದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಅರ್ಧ ಮುಚ್ಚಿತ್ತು. "ರಾತ್ರಿ ನಿದ್ದೆ ಇಲ್ಲ ಮೇಷ್ಟ್ರೇ, ತೂಕಡಿಸ್ತಾ ಇದಾಳೆ" ಅಂದ ಅವಳ ಭಾವ. ಹೌದೇನೋ ಅಂದುಕೊಂಡೆ.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಹತ್ತನೇ ತರಗತಿಯ ನರಮಂಡಲದ ಪಾಠ ಬಾಯಿಪಾಠ. ಬೋರ್ಡಿನ ಮೇಲೆ ನರಕೋಶದ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ, ಐದು ಅಂಕಕ್ಕೆ ಎಷ್ಟು ಬರೆಯಬೇಕು ಎಂದು ಹೇಳಿಕೊಟ್ಟಿದ್ದೇನೆ. ಆ ಪಾಠ ಕಣ್ಣೆದುರಿಗೆ ಗೋಡೆಗೆ ಒರಗಿ ಕೂತಾಗ ನನಗೆ ಗುರುತು ಸಿಗಲಿಲ್ಲ.

ಜೀಪು ಹತ್ತಿಸುವಷ್ಟರಲ್ಲಿ ಆಕೆಯ ಮಾತು ಮೂಗಿನಿಂದ ಬರತೊಡಗಿತ್ತು. ಎಂಜಲು ನುಂಗಲು ಆಗುತ್ತಿರಲಿಲ್ಲ, ಕಟಬಾಯಿಯಲ್ಲಿ ಇಳಿಯುತ್ತಿತ್ತು. ಅರ್ಧ ದಾರಿಯಲ್ಲಿ ಕತ್ತು ನಿಲ್ಲದಾಯಿತು; ಪ್ರತಿ ತಿರುವಿಗೂ ತಲೆ ಗಂಡನ ಹೆಗಲಿನಿಂದ ಜಾರುತ್ತಿತ್ತು. ಕಣ್ಣು ಪೂರ್ತಿ ಮುಚ್ಚಿತು. ಆಗ ಭಾವ ತಮ್ಮನಿಗೆ ಮೆಲ್ಲಗೆ ಹೇಳಿದ: "ಓಲೆ ಬಿಚ್ಚಿ ಇಟ್ಕೊ ಮಾರಾಯ, ಆಮೇಲೆ ಗಲಾಟೆಯಲ್ಲಿ ಎಲ್ಲಿ ಬೀಳ್ತದೋ ಏನೋ." ತಮ್ಮ ಬಿಚ್ಚಿದ. ನಾನು ಕನ್ನಡಿಯಲ್ಲಿ ನೋಡಿ, ನೋಡದವನಂತೆ ಗೇರು ಬದಲಿಸಿದೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ರೆಪ್ಪೆ ಎತ್ತಿ ನೋಡಿದರು, ಒಂದೇ ಪ್ರಶ್ನೆ ಕೇಳಿದರು. "ರಾತ್ರಿ ನೆಲದ ಮೇಲೆ ಮಲಗಿದ್ರಾ?" ಹೌದು, ಚಾಪೆ ಹಾಸಿ. ಮೈಮೇಲೆ ಎಲ್ಲೂ ಬಾವು ಇಲ್ಲ, ರಕ್ತ ಇಲ್ಲ, ಹಲ್ಲಿನ ಗುರುತು ಹುಡುಕಿದರೂ ಕಾಣಲಿಲ್ಲ. "ಕಟ್ಟುಹಾವು" ಅಂದರು ಡಾಕ್ಟರು, ಗಂಟಲಿಗೆ ಇಳಿಸುವ ಟ್ಯೂಬು ತೆಗೆದಿಡಲು ಹೇಳುತ್ತಾ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯ ಪಟ್ಟಿಗೆ ಸೇರಿಸಿದೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಪ್ರತಿ ಆಸ್ಪತ್ರೆಯೂ ಪ್ರತಿ ಕಡಿತವನ್ನೂ ವರದಿ ಮಾಡಬೇಕು. ಒಳ್ಳೆಯ ಕೆಲಸ. ಆದರೆ ಮಲೆನಾಡಿನಲ್ಲಿ ಈ ಚರ್ಚೆ ಶುರುವಾದಾಗಲೆಲ್ಲ "ಇಂಜೆಕ್ಷನ್ ಸ್ಟಾಕ್ ಇದೆಯಾ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನರಕ್ಕೆ ಹತ್ತುವ ವಿಷದ ಮಟ್ಟಿಗೆ ಇದು ಅರ್ಧ ಪ್ರಶ್ನೆ. ಉಳಿದರ್ಧ ಉಸಿರಿನದು. ಯಾಕೆ ಹಾಗೆ ಎಂದು ತಿಳಿಯಬೇಕಾದರೆ ನರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು. ಪಾಠದ ಪುಸ್ತಕದಲ್ಲಿ ಇರುವುದಕ್ಕಿಂತ ಸ್ವಲ್ಪ ಬೇರೆ ದಾರಿಯಲ್ಲಿ.

ತಂತಿಯಲ್ಲ, ಗದ್ದೆಯ ಕಂಡಿ

ನರ ಎಂದರೆ ಕರೆಂಟಿನ ತಂತಿ ಇದ್ದ ಹಾಗೆ ಎಂದು ನಾನೂ ಹೇಳುತ್ತಿದ್ದೆ. ಅದು ಪೂರ್ತಿ ಸರಿಯಲ್ಲ. ತಂತಿಯಲ್ಲಿ ಈ ತುದಿಯಿಂದ ಆ ತುದಿಗೆ ವಿದ್ಯುತ್ತು ಉದ್ದಕ್ಕೂ ಹರಿಯುತ್ತದೆ. ನರದಲ್ಲಿ ಉದ್ದಕ್ಕೆ ಹರಿಯುವುದು ತೀರಾ ಕಡಿಮೆ. ನಡೆಯುವುದೆಲ್ಲ ಅಡ್ಡಡ್ಡ, ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ.

ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳನ್ನು ನೆನಪಿಸಿಕೊಳ್ಳಿ. ಬದುವಿನಲ್ಲಿ ಒಂದು ಕಂಡಿ. ಮೇಲಿನ ಗದ್ದೆ ತುಂಬಿ ಕಂಡಿ ಒಡೆದರೆ ನೀರು ಕೆಳಗಿನದಕ್ಕೆ ನುಗ್ಗುತ್ತದೆ, ಆ ರಭಸಕ್ಕೆ ಅದರ ಕಂಡಿಯೂ ಒಡೆಯುತ್ತದೆ, ಹಾಗೆಯೇ ಮುಂದಿನದು. ನರದ ಪೊರೆಯ ತುಂಬ ಇಂಥ ಸೂಕ್ಷ್ಮ ಕಂಡಿಗಳಿವೆ. ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಸುಮ್ಮನಿದ್ದಾಗ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ. ಒಂದು ಕಡೆ ಕಂಡಿ ತೆರೆದರೆ ಸೋಡಿಯಂ ಒಳಗೆ ನುಗ್ಗುತ್ತದೆ, ಆ ಜಾಗದ ಲೆಕ್ಕ ತಲೆಕೆಳಗಾಗುತ್ತದೆ, ಪಕ್ಕದ ಕಂಡಿ ತೆರೆಯುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಬಿದ್ದು ಹಳೆಯ ಸ್ಥಿತಿ ಮರಳುತ್ತದೆ. ಇದೆಲ್ಲ ಒಂದೆರಡು ಮಿಲಿಸೆಕೆಂಡಿನ ಕೆಲಸ. ಇಂಗ್ಲೆಂಡಿನ ಹಾಜ್ಕಿನ್ ಮತ್ತು ಹಕ್ಸ್‌ಲಿ ಎಂಬಿಬ್ಬರು ಸಮುದ್ರದ ಸ್ಕ್ವಿಡ್ ಎಂಬ ಜೀವಿಯ ದಪ್ಪ ನರ ಹಿಡಿದು ಇದನ್ನು ಅಳೆದು 1952ರಲ್ಲಿ ಪ್ರಕಟಿಸಿದರು.

ವೇಗವೂ ಎಲ್ಲ ನರಕ್ಕೂ ಒಂದೇ ಅಲ್ಲ. ಕೊಬ್ಬಿನ ಹೊದಿಕೆ ಇರುವ ದಪ್ಪ ನರಗಳಲ್ಲಿ ಸುದ್ದಿ ಸೆಕೆಂಡಿಗೆ 50ರಿಂದ 100 ಮೀಟರ್ ಓಡುತ್ತದೆ. ಹೊದಿಕೆ ಇಲ್ಲದ, ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳಲ್ಲಿ ಸುಮಾರು ಒಂದು ಮೀಟರ್. ಬರಿಗಾಲಿನಲ್ಲಿ ತೋಟಕ್ಕೆ ಇಳಿದವರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಕಾಫಿ ಗಿಡದ ಕತ್ತರಿಸಿದ ಕೊರಡಿಗೆ ಬೆರಳು ಎಡವಿದಾಗ "ತಾಗಿತು" ಎಂಬುದು ತಕ್ಷಣ ಗೊತ್ತಾಗುತ್ತದೆ. "ಅಯ್ಯೋ" ಎನ್ನಿಸುವ ಉರಿ ಬರುವುದಕ್ಕೆ ಒಂದು ಗಳಿಗೆ ಬೇಕು. ಬರುತ್ತದೆ ಎಂದು ಗೊತ್ತಿದ್ದು ಹಲ್ಲು ಕಚ್ಚಿಕೊಂಡು ಕಾಯುತ್ತೇವಲ್ಲ, ಆ ಗಳಿಗೆ.

ಇಲ್ಲಿಯವರೆಗೆ ಹಾವಿನ ಪಾತ್ರ ಇಲ್ಲ. ಕಟ್ಟುಹಾವು, ನಾಗರಹಾವುಗಳ ವಿಷ ಈ ಓಟವನ್ನು ತಡೆಯುವುದಿಲ್ಲ. ಮೆದುಳು ಆಜ್ಞೆ ಕೊಡುತ್ತಲೇ ಇರುತ್ತದೆ, ನರದ ಕೊನೆಯವರೆಗೂ ಅದು ಬರುತ್ತಲೇ ಇರುತ್ತದೆ. ಎಡವಟ್ಟಾಗುವುದು ಆ ಕೊನೆಯಲ್ಲಿ.

ಒಂದು ಹೊಳೆ, ಒಂದು ದೋಣಿ

ನರ ಸ್ನಾಯುವನ್ನು ಮುಟ್ಟುವುದಿಲ್ಲ. ನಡುವೆ ಸುಮಾರು 50 ನ್ಯಾನೋಮೀಟರಿನ ಬಿರುಕು ಇದೆ. ತಲೆಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲಿಗೆ ಬರುವಷ್ಟು. ಕಂಡಿಯಿಂದ ಕಂಡಿಗೆ ಹಾರಿ ಬಂದ ಸುದ್ದಿ ಈ ಹೊಳೆಯ ದಡದಲ್ಲಿ ನಿಂತುಬಿಡುತ್ತದೆ. ಈಚೆ ದಡದಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಕೂಡಿಟ್ಟಿದೆ, ಒಂದೊಂದು ಚೀಲದಲ್ಲಿ ಸಾವಿರಗಟ್ಟಲೆ ಅಣುಗಳು. ಸುದ್ದಿ ತಲುಪಿದಾಗ ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿ ಚೀಲಗಳನ್ನು ಒಡೆಸುತ್ತದೆ. ಅಣುಗಳು ಆಚೆ ದಡದ ಸ್ನಾಯುವಿನ ಮೇಲಿರುವ ಬೀಗಗಳಿಗೆ ಹೋಗಿ ಕೂರುತ್ತವೆ, ಬೀಗ ತೆರೆಯುತ್ತದೆ, ಸ್ನಾಯು ಸೆಳೆಯುತ್ತದೆ. ಆಮೇಲೆ ಒಂದು ಕಿಣ್ವ ಬಂದು ಕೆಲಸ ಮುಗಿಸಿದ ಅಣುಗಳನ್ನೆಲ್ಲ ತುಂಡು ಮಾಡಿ ಗುಡಿಸಿ ಹಾಕುತ್ತದೆ. ಇಲ್ಲದಿದ್ದರೆ ಒಮ್ಮೆ ಸೆಳೆದ ಸ್ನಾಯು ಬಿಡುವುದೇ ಇಲ್ಲ. ನೀವು ಈ ಸಾಲು ಓದುತ್ತಾ ಕಣ್ಣು ಆಡಿಸುವುದರಲ್ಲಿ ಇದು ಲೆಕ್ಕವಿಲ್ಲದಷ್ಟು ಸಲ ನಡೆದುಹೋಗಿದೆ.

ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ತೋರಿಸಿದವನು ಆಟೋ ಲೋವಿ, 1921ರಲ್ಲಿ, ಎರಡು ಕಪ್ಪೆಗಳ ಹೃದಯ ಇಟ್ಟುಕೊಂಡು. ಒಂದರ ನರವನ್ನು ಕೆಣಕಿ ಬಡಿತ ನಿಧಾನ ಮಾಡಿದ, ಅದು ಮುಳುಗಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದ, ಅದೂ ನಿಧಾನವಾಯಿತು. ನರವನ್ನು ಯಾರೂ ಮುಟ್ಟದ ಹೃದಯ ಅದು. ಸುದ್ದಿ ನೀರಿನಲ್ಲಿತ್ತು. 1936ರಲ್ಲಿ ಆತನಿಗೆ ಹೆನ್ರಿ ಡೇಲ್ ಜೊತೆಗೆ ನೊಬೆಲ್ ಬಂತು.

ಇಷ್ಟು ಸಣ್ಣ ಹೊಳೆಯನ್ನು ಕೆಡಿಸಲು ಮೂರು ದಾರಿಗಳಿವೆ. ವಿಚಿತ್ರವೆಂದರೆ ಮೂರೂ ನಮ್ಮ ಕಾಫಿ ತೋಟದಲ್ಲೇ ಸಿಗುತ್ತವೆ.

ನಾಗರಹಾವಿನದು ಬೀಗಕ್ಕೆ ಮೇಣ ಮೆತ್ತುವ ಕೆಲಸ. ಅದರ ವಿಷದಲ್ಲಿರುವ ಸಣ್ಣ ಪ್ರೋಟೀನುಗಳು ಆಚೆ ದಡದ ಬೀಗಗಳ ಮೇಲೆ ಹೋಗಿ ಅಂಟಿಕೊಳ್ಳುತ್ತವೆ. ಅಸಿಟೈಲ್‌ಕೋಲಿನ್ ಬರುತ್ತದೆ, ಕೂರಲು ಜಾಗ ಇಲ್ಲ. ಇದು ಕೆಟ್ಟದ್ದು, ಆದರೆ ಇಂಥ ಕಟ್ಟು ಬಿಡಿಸಲು ಬರುತ್ತದೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ಅಂದರೆ ಪ್ರತಿವಿಷ, ಸಿಕ್ಕರೆ ಮೇಣ ಕರಗಿ ಬೀಗಗಳು ಮತ್ತೆ ಬಿಡುವಾಗುತ್ತವೆ. ಜೊತೆಗೆ ನಾಗರ ಕಚ್ಚಿದರೆ ಗೊತ್ತಾಗದೆ ಇರುವುದಿಲ್ಲ. ನೋವು, ಬಾವು, ಕಚ್ಚಿದ ಜಾಗ ಕಪ್ಪಾಗುವುದು, ಎಲ್ಲ ಇರುತ್ತದೆ. ಮನೆಯವರು ತಾವಾಗಿಯೇ ಓಡುತ್ತಾರೆ.

ಕಟ್ಟುಹಾವಿನ ದಾರಿ ಬೇರೆ. ನಮ್ಮ ಕಡೆ ಕೆಲವರು ಕಡಂಬಳ ಎಂದೂ ಹೇಳುತ್ತಾರೆ. ಕಪ್ಪು ಮೈ, ಅದರ ಮೇಲೆ ಜೋಡಿ ಜೋಡಿಯಾಗಿ ಬಿಳಿ ತೆಳು ಗೆರೆ. ಹಗಲು ಕೋಲಿನಿಂದ ಮುಟ್ಟಿದರೂ ಸುರುಳಿಯಾಗಿ ತಲೆ ಅಡಗಿಸಿಕೊಳ್ಳುವ ಪಾಪದ ಪ್ರಾಣಿ, ರಾತ್ರಿ ಮಾತ್ರ ಚುರುಕು. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕಿಕೊಂಡು ಮನೆಯೊಳಗೆ ಬರುತ್ತದೆ. ಹಲ್ಲು ಚಿಕ್ಕದು, ನಿದ್ದೆಯಲ್ಲಿ ಕಚ್ಚಿದರೆ ಸೊಳ್ಳೆ ಅಂದುಕೊಂಡು ಮಗ್ಗುಲು ಬದಲಿಸುವವರೇ ಹೆಚ್ಚು. ಅದರ ವಿಷ ಬೀಗಗಳ ಮೇಲೂ ಕೂರುತ್ತದೆ, ಜೊತೆಗೆ ಈಚೆ ದಡಕ್ಕೂ ನುಗ್ಗುತ್ತದೆ. ನರದ ತುದಿಗೇ ಹೋಗಿ ಚೀಲಗಳ ಉಗ್ರಾಣವನ್ನು ಬರಿದು ಮಾಡಿ, ತುದಿಯನ್ನೇ ಹಾಳುಗೆಡಹುತ್ತದೆ. ಹಾಗೆ ಆದಮೇಲೆ ಪ್ರತಿವಿಷ ರಕ್ತದಲ್ಲಿ ಉಳಿದ ವಿಷವನ್ನು ಹಿಡಿಯಬಲ್ಲದೇ ಹೊರತು ಸುಟ್ಟ ಉಗ್ರಾಣವನ್ನು ಕಟ್ಟಿಕೊಡಲಾರದು. ನರದ ತುದಿ ತಾನಾಗಿ ಮತ್ತೆ ಬೆಳೆಯಬೇಕು. ಬೆಳೆಯುತ್ತದೆ. ಅದಕ್ಕೆ ದಿನಗಳು ಬೇಕು, ಕೆಲವೊಮ್ಮೆ ವಾರಗಳು.

ಮೂರನೆಯದು ಹಾವಲ್ಲ, ಡಬ್ಬಿ. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಗುಡಿಸುವ ಕಿಣ್ವದ ಕೈ ಕಟ್ಟಿಹಾಕುತ್ತವೆ. ಕಾಫಿ ಗಿಡ ಕೊರೆಯುವ ಬಿಳಿ ಕಾಂಡಕೊರಕ ಹುಳುವಿಗೆಂದು ಬುಡದ ಸಿಪ್ಪೆ ಉಜ್ಜಿ ಔಷಧಿ ಹೊಡೆಯುವವರನ್ನು ನೋಡಿದ್ದೀರಿ. ಮುಖಕ್ಕೊಂದು ಟವೆಲು, ಕೈಗೆ ಅದೂ ಇಲ್ಲ. ವಿಷ ಮೈಗೆ ಹತ್ತಿದರೆ ಇಲ್ಲಿ ಹಾವಿನ ತದ್ವಿರುದ್ಧ: ಅಸಿಟೈಲ್‌ಕೋಲಿನ್ ಗುಡಿಸಿ ಹೋಗದೆ ಹೊಳೆ ತುಂಬಿ ಹರಿಯುತ್ತದೆ. ಬಾಯಿ, ಕಣ್ಣು, ಮೂಗು ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಸ್ನಾಯುಗಳು ಚರ್ಮದಡಿಯಲ್ಲಿ ಪಟಪಟ ಹಾರುತ್ತವೆ, ಶ್ವಾಸಕೋಶದಲ್ಲಿ ನೀರು ಕಟ್ಟುತ್ತದೆ. ಕೊನೆಗೆ ಬಡಿದು ಬಡಿದು ದಣಿದ ಸ್ನಾಯು ಸೋಲುತ್ತದೆ. ಇದಕ್ಕೆ ಕೊಡುವ ಅಟ್ರೋಪಿನ್ ನಮ್ಮ ಬೇಲಿಯ ಉಮ್ಮತ್ತದಲ್ಲೂ ಇರುವ ವಸ್ತು. (ಹಾಗೆಂದು ಯಾರೂ ಉಮ್ಮತ್ತದ ಕಾಯಿ ಅರೆಯಬೇಡಿ. ಅದರ ಅಳತೆ ಯಾರ ಕೈಗೂ ಸಿಗುವುದಿಲ್ಲ.)

ನಾಗರ ಕಚ್ಚಿದವರಿಗೆ ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಎಂಬ ಇನ್ನೊಂದು ಇಂಜೆಕ್ಷನ್ ಕೊಡುವುದುಂಟು. ಅದರ ಕೆಲಸ ಏನು ಗೊತ್ತೇ? ಗುಡಿಸುವ ಕಿಣ್ವವನ್ನು ಸ್ವಲ್ಪ ಹೊತ್ತು ತಡೆಯುವುದು. ಅಂದರೆ ಕೀಟನಾಶಕ ಮಾಡುವ ಕೆಲಸವನ್ನೇ, ಹಿಡಿತದಲ್ಲಿಟ್ಟುಕೊಂಡು ಮಾಡುವುದು. ಬಹಳಷ್ಟು ಬೀಗ ಮುಚ್ಚಿದ್ದರೂ ಹೊಳೆಯಲ್ಲಿ ದೋಣಿ ಹೆಚ್ಚಾದರೆ ಉಳಿದ ನಾಲ್ಕು ಬೀಗಗಳಾದರೂ ತೆರೆದಾವು ಎಂಬ ಲೆಕ್ಕ. ಅದರ ಅಡ್ಡ ಪರಿಣಾಮಕ್ಕೆ ತಡೆಯಾಗಿ ಮೊದಲೇ ಅಟ್ರೋಪಿನ್ ಕೊಟ್ಟಿರುತ್ತಾರೆ. ಕಟ್ಟುಹಾವಿಗೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಉಗ್ರಾಣವೇ ಖಾಲಿ ಇರುವಾಗ ದೋಣಿ ಎಲ್ಲಿಂದ ಬರಬೇಕು?

ಮನುಷ್ಯರಿಗೂ ಈ ವಿಷಗಳಿಂದ ಉಪಕಾರ ಆಗಿದೆ ಎಂಬುದನ್ನು ಹೇಳದಿದ್ದರೆ ಹಾವಿಗೆ ಅನ್ಯಾಯ. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಅಲ್ಲಿನ ಕಟ್ಟುಹಾವಿನ ವಿಷದಿಂದ ಬೀಗಕ್ಕೆ ಅಂಟುವ ಅಂಶವನ್ನು ಬೇರ್ಪಡಿಸಿದರು. ಅದನ್ನೇ ಗಾಳದ ಹಾಗೆ ಬಳಸಿ ಮುಂದೆ ಆ ಬೀಗವನ್ನೇ ಹೊರಗೆ ಎಳೆದು ನೋಡಲು ಸಾಧ್ಯವಾಯಿತು.

ಮೊದಲು ರೆಪ್ಪೆ, ಕೊನೆಗೆ ಉಸಿರು

ವಿಷ ಮೈಯೆಲ್ಲ ಹರಡಿರುತ್ತದೆ. ಆದರೂ ರೆಪ್ಪೆಯೇ ಮೊದಲು ಯಾಕೆ ಬೀಳಬೇಕು?

ಸಾಮಾನ್ಯವಾಗಿ ನರದ ತುದಿ ಸ್ನಾಯುವಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಅಸಿಟೈಲ್‌ಕೋಲಿನ್ ಸುರಿಯುತ್ತದೆ. ಸ್ವಲ್ಪ ಕಮ್ಮಿಯಾದರೂ ಕೆಲಸ ನಡೆಯುತ್ತದೆ. ಈ ಉಳಿತಾಯ ಎಲ್ಲ ಸ್ನಾಯುಗಳಿಗೂ ಒಂದೇ ಸಮ ಇಲ್ಲ. ಕಣ್ಣಿನ ಸುತ್ತಲಿನ ಸಣ್ಣ ಸ್ನಾಯುಗಳಿಗೆ ತೀರಾ ಕಡಿಮೆ, ಅದರಲ್ಲೂ ರೆಪ್ಪೆ ಎತ್ತುವ ಸ್ನಾಯು ಎಚ್ಚರವಿರುವಷ್ಟು ಹೊತ್ತೂ ದುಡಿಯುತ್ತಲೇ ಇರುವಂಥದ್ದು. ಬರಗಾಲ ಬಂದಾಗ ಕೂಲಿ ಮನೆಯ ಒಲೆ ಮೊದಲು ಆರುತ್ತದಲ್ಲ, ಹಾಗೆ. ಮೊದಲು ರೆಪ್ಪೆ ಇಳಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಆಮೇಲೆ ಮುಖ, ನಾಲಿಗೆ, ಗಂಟಲು. ಆಮೇಲೆ ಕತ್ತು. ಕೊನೆಗೆ ಎದೆ ಮತ್ತು ವಪೆ. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವೆ ಕೊಡೆಯ ಹಾಗೆ ಬಿಡಿಸಿಕೊಂಡಿರುವ, ಉಸಿರೆಳೆಯುವ ಸ್ನಾಯು. ನಮ್ಮ ಜೀಪಿನಲ್ಲಿ ಇದೇ ಕ್ರಮ, ಒಂದೂ ತಪ್ಪದೆ, ನಡೆದಿತ್ತು. ಕಟ್ಟುಹಾವು ಕಚ್ಚಿದವರಿಗೆ ಇದಕ್ಕೆಲ್ಲ ಮುಂಚೆ ಹೊಟ್ಟೆ ನೋವು ಬರುವುದು ಎಷ್ಟು ಸಾಮಾನ್ಯವೆಂದರೆ, ನೆಲದ ಮೇಲೆ ಮಲಗಿದವರು ಮಳೆಗಾಲದ ಬೆಳಗಿನ ಜಾವ ಹೊಟ್ಟೆ ನೋವು ಎಂದು ಬಂದರೆ ಅನುಭವಸ್ಥ ವೈದ್ಯರು ಮೊದಲು ಕಣ್ಣನ್ನೇ ನೋಡುತ್ತಾರೆ.

ಹೃದಯ ಮಾತ್ರ ಬಡಿಯುತ್ತಲೇ ಇರುತ್ತದೆ. ಅದಕ್ಕೆ ಕಾರಣ, ಹೃದಯ ನರದ ಆಜ್ಞೆಗೆ ಕಾಯುವುದಿಲ್ಲ. ಅದರ ಬಲ ಮೇಲ್ಗೋಣೆಯ ಗೋಡೆಯಲ್ಲಿ ತಾನೇ ತಾಳ ಹಾಕುವ ಒಂದು ಗಂಟು ಇದೆ. ನರಗಳು ಅದನ್ನು ಚುರುಕು ಮಾಡಬಹುದು, ನಿಧಾನ ಮಾಡಬಹುದು, ಅಷ್ಟೆ. ವಪೆಗೆ ಆ ಸ್ವಾತಂತ್ರ್ಯ ಇಲ್ಲ. ಕುತ್ತಿಗೆಯ ಮೂರು, ನಾಲ್ಕು, ಐದನೇ ಬೇರುಗಳಿಂದ ಇಳಿದು ಬರುವ ನರ ಪ್ರತಿ ಉಸಿರಿಗೂ ಆಜ್ಞೆ ತರಬೇಕು. ನಿದ್ದೆಯಲ್ಲೂ. ಆಜ್ಞೆ ಹೊಳೆ ದಾಟದಿದ್ದರೆ ಆ ಉಸಿರು ಇಲ್ಲ. ಹಾಗಾಗಿ ಇಂಥ ವಿಷ ಕೊಲ್ಲುವುದು ಉಸಿರು ನಿಲ್ಲಿಸಿ. ಹೃದಯ ನಿಲ್ಲುವುದು ಅದಾದಮೇಲೆ, ಆಮ್ಲಜನಕ ಸಾಲದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ಈ ವಿಷದ ಪ್ರೋಟೀನುಗಳು ಅದನ್ನು ದಾಟುವುದು ಕಷ್ಟ. ಒಳಗಿರುವ ಮನುಷ್ಯ ಹಾಗೇ ಇರುತ್ತಾನೆ. ಕಣ್ಣು ತೆರೆಯಲಾರ, ಬೆರಳು ಆಡಿಸಲಾರ. ಕಟ್ಟುಹಾವಿನ ಕೆಲವು ಪ್ರಕರಣಗಳಲ್ಲಿ ಪಾಪೆ ಹಿಗ್ಗಿ, ಬೆಳಕು ಬಿಟ್ಟರೂ ಅಲುಗದೆ, ಮೆದುಳು ಸತ್ತವರ ಹಾಗೆಯೇ ಕಾಣುತ್ತಾರೆ. ಹಾಗೆ ಕಂಡವರು ಎದ್ದು ನಡೆದು ಮನೆಗೆ ಹೋಗಿದ್ದನ್ನು ವೈದ್ಯಕೀಯ ಪತ್ರಿಕೆಗಳಲ್ಲಿ ಭಾರತದ ವೈದ್ಯರೇ ಬರೆದಿದ್ದಾರೆ. ಆಮ್ಲಜನಕ ತಪ್ಪದೆ ಸಿಕ್ಕಿದ್ದರೆ ಅವರಿಗೆ ಅಷ್ಟೂ ಹೊತ್ತು ಕಿವಿ ಕೇಳಿಸುತ್ತಿರುತ್ತದೆ.

ಸಾವಿರ ಸಲ

ಭಾರತದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಇವುಗಳ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಶುದ್ಧ ಮಾಡಿ ತಯಾರಿಸುತ್ತಾರೆ. ವಿಷದ ದೊಡ್ಡ ಪಾಲು ಬರುವುದು ಚೆನ್ನೈ ಹತ್ತಿರ 1978ರಲ್ಲಿ ಶುರುವಾದ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. ಸಾಮಾನ್ಯವಾಗಿ ಹತ್ತು ವಯಲ್‌ನಿಂದ (ವಯಲ್ ಎಂದರೆ ಔಷಧಿಯ ಸಣ್ಣ ಸೀಸೆ) ಶುರು ಮಾಡುತ್ತಾರೆ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ, ಯಾಕೆಂದರೆ ಹಾವು ಮಗು ಎಂದು ವಿಷ ಕಮ್ಮಿ ಬಿಡುವುದಿಲ್ಲ.

ಮಲೆನಾಡಿಗೆ ಈ ಪಟ್ಟಿಯಲ್ಲೇ ಒಂದು ತೊಡಕು ಇದೆ. ನಮ್ಮ ಗಿಡಗಳಲ್ಲಿ, ದರಗಿನಲ್ಲಿ ಕೂತಿರುವ ಗುಳಿಮಂಡಲಗಳಿಗೆ ಇದು ತಯಾರಾದದ್ದಲ್ಲ. ಕಾಳಿಂಗಕ್ಕೂ ಅಲ್ಲ. ಪಶ್ಚಿಮಘಟ್ಟದ ಕಾಳಿಂಗವನ್ನು 2024ರಲ್ಲಿ 'ಓಫಿಯೋಫೇಗಸ್ ಕಾಳಿಂಗ' ಎಂಬ ಪ್ರತ್ಯೇಕ ಪ್ರಭೇದ ಎಂದು ಗುರುತಿಸಿ, ಕನ್ನಡದ ಹೆಸರನ್ನೇ ಇಟ್ಟರು. ಹೆಸರು ಬಂತು, ಅದಕ್ಕೆಂದೇ ಔಷಧಿ ಬರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಕುದುರೆ ಇಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿದ ಪ್ರತಿಕಾಯವೊಂದನ್ನು ಅದೇ ವರ್ಷ ಪ್ರಕಟಿಸಿತು, ಇಲಿಗಳ ಮೇಲೆ ಪರೀಕ್ಷಿಸಿದ್ದು. ಅದು ಬೀಗಕ್ಕೆ ಮೆತ್ತುವ ಮೇಣವನ್ನು ಹಿಡಿಯುವಂಥದ್ದು, ಉಗ್ರಾಣ ಸುಡುವ ವಿಷವನ್ನಲ್ಲ. ಆಶೆ ಇಟ್ಟುಕೊಳ್ಳಬಹುದು, ಮುಂದಿನ ಮಳೆಗಾಲಕ್ಕೆ ಅಲ್ಲ.

ಹಾಗಾದರೆ ಉಗ್ರಾಣ ಸುಟ್ಟವರು ಬದುಕುವುದು ಹೇಗೆ? ಯಾರಾದರೂ ಅವರ ಪಾಲಿನ ಉಸಿರಾಡಿದರೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದು ನೂರಾರು ಜನರ ಉಸಿರಿನ ಸ್ನಾಯು ಸೋತಾಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ಮಾಡಿದ್ದು ಅದನ್ನೇ. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟು, ಅದಕ್ಕೆ ರಬ್ಬರಿನ ಚೀಲ ಜೋಡಿಸಿ, ಕೈಯಲ್ಲಿ ಒತ್ತುವುದು. ಒತ್ತಿದವರು ಮೆಡಿಕಲ್ ಕಾಲೇಜಿನ ಹುಡುಗ ಹುಡುಗಿಯರು, ಸುಮಾರು ಒಂದೂವರೆ ಸಾವಿರ ಮಂದಿ, ಪಾಳಿಯ ಮೇಲೆ, ಹಗಲು ರಾತ್ರಿ. ಸಾಯುವವರ ಸಂಖ್ಯೆ ಅರ್ಧಕ್ಕೂ ಕೆಳಗೆ ಇಳಿಯಿತು. ಇವತ್ತಿನ ಐಸಿಯುಗಳ ಹುಟ್ಟು ಅಲ್ಲಿ.

ನಮ್ಮ ಆಂಬುಲೆನ್ಸಿನಲ್ಲಿ ಆದದ್ದೂ ಅದೇ. ಹತ್ತು ವಯಲ್ ಹಾಕಿ, ಗಂಟಲಿಗೆ ಟ್ಯೂಬು ಇಳಿಸಿ, ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಒಂದೂವರೆ ಗಂಟೆಯ ದಾರಿ. ಸ್ಟಾಫ್ ನರ್ಸ್ ಒಬ್ಬರು ಆಂಬು ಬ್ಯಾಗ್ ಒತ್ತುತ್ತಾ ಕೂತರು. ಐದಾರು ಸೆಕೆಂಡಿಗೆ ಒಂದು ಸಲ. ಅರ್ಧ ದಾರಿಯಲ್ಲಿ ಅವರ ಕೈ ಸೋತು, ಆಕೆಯ ಗಂಡನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ನೀವು ಉಸಿರು ಎಳೆದುಕೊಂಡಾಗ ಇದನ್ನ ಒತ್ತಿ. ಗಾಬರಿಯಲ್ಲಿ ಬೇಗ ಬೇಗ ಒತ್ತಬೇಡಿ. ಎದೆ ಮೇಲೆ ಬರ್ತದಾ ನೋಡಿ." ಆತ ಒತ್ತಿದ. ಮರಗಸಿ ಮಾಡಿ, ಅಂದರೆ ತೋಟದ ಮರದ ಕೊಂಬೆ ಕಡಿದು, ದಪ್ಪಗಟ್ಟಿದ ಕೈ, ಹಿಡಿದದ್ದು ಮಾತ್ರ ಮೊಟ್ಟೆ ಹಿಡಿದ ಹಾಗೆ. ಹಂಪು ಬಂದಾಗ ಮೈ ಹಾರಿದರೂ ಕೈ ತಪ್ಪಲಿಲ್ಲ. ಆಮೇಲೆ ಲೆಕ್ಕ ಹಾಕಿದೆ: ಒಂದೂವರೆ ಗಂಟೆಗೆ ಹತ್ತಿರ ಹತ್ತಿರ ಸಾವಿರ ಸಲ.

ಈಗ ನೀತಿಯ ಮಾತಿಗೆ ಬರೋಣ. 2000ರಿಂದ 2019ರವರೆಗಿನ ಅವಧಿಯಲ್ಲಿ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಸರಿಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಸ್ಪತ್ರೆಗಳ ದಾಖಲೆಯಲ್ಲಿ ಇದರ ಚೂರು ಮಾತ್ರ ಸಿಗುತ್ತದೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ರಿಯಾ ಯೋಜನೆ ತಂದು, 2030ಕ್ಕೆ ಸಾವನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟಿದೆ. ಎಣಿಸದೆ ಇಳಿಸಲು ಆಗುವುದಿಲ್ಲ, ಹಾಗಾಗಿ ಕರ್ನಾಟಕದ ಅಧಿಸೂಚನೆ ಬೇಕಾದದ್ದೇ.

ಆದರೆ ಎಣಿಕೆಗೆ ಬರಬೇಕಾದರೆ ಮೊದಲು ಗುರುತು ಸಿಗಬೇಕು. ಗಾಯ ಇಲ್ಲದ, ಹಾವು ಕಾಣದ, ಹೊಟ್ಟೆ ನೋವೆಂದು ಶುರುವಾಗಿ ಬೆಳಕು ಹರಿಯುವಷ್ಟರಲ್ಲಿ ಲೈನಿನಲ್ಲೇ ಮುಗಿದುಹೋದ ಸಾವು ಯಾವ ಕಾಲಮ್ಮಿಗೆ ಹೋಗುತ್ತದೆ? ಈಗ ನಮ್ಮ ಲೈನುಗಳಲ್ಲಿ ಅಸ್ಸಾಮಿನಿಂದ ಬಂದವರು ತುಂಬಿದ್ದಾರೆ. ಹೊಟ್ಟೆ ಕಿವುಚುತ್ತದೆ, ಒಂದು ಎರಡಾಗಿ ಕಾಣುತ್ತದೆ ಎಂದು ರಾತ್ರಿ ಪಾಳಿಯ ನರ್ಸಿಗೆ ಅವರು ಯಾವ ಭಾಷೆಯಲ್ಲಿ ಹೇಳಬೇಕು? ಇದಕ್ಕೆ ಭಾಷೆ ಬೇಡದ ಪರೀಕ್ಷೆ ಇದೆ: ಮೇಲೆ ನೋಡಲು ಸನ್ನೆ ಮಾಡಿ, ರೆಪ್ಪೆ ಅಲ್ಲೇ ನಿಲ್ಲುತ್ತದೋ ಜಾರುತ್ತದೋ ನೋಡುವುದು. ಲೈನಿನ ಮೇಸ್ತ್ರಿಗೂ ರೈಟರಿಗೂ ಆಶಾ ಕಾರ್ಯಕರ್ತೆಗೂ ಐದು ನಿಮಿಷದಲ್ಲಿ ಕಲಿಸಬಹುದು.

ಎರಡನೆಯದು ದಾರಿ. ಕಳಸದಿಂದಲೋ ಶೃಂಗೇರಿ ಮೇಲಿನ ಹಳ್ಳಿಗಳಿಂದಲೋ ಜಿಲ್ಲಾ ಕೇಂದ್ರಕ್ಕೆ ಬರುವುದೆಂದರೆ ಮಳೆಗಾಲದಲ್ಲಿ ಮರ ಬೀಳದಿದ್ದರೆ ಇಷ್ಟು ಗಂಟೆ ಎಂದೇ ಲೆಕ್ಕ. ಕುದುರೆಯ ಪ್ರೋಟೀನಿಗೆ ಕೆಲವರ ಮೈ ಜೋರಾಗಿ ತಿರುಗಿಬೀಳುತ್ತದೆ ಎಂಬ ಹೆದರಿಕೆಗೆ ಸಣ್ಣ ಆಸ್ಪತ್ರೆಗಳು ಇಂಜೆಕ್ಷನ್ ಇದ್ದರೂ ಕೊಡದೆ "ಮುಂದೆ ಹೋಗಿ" ಅನ್ನುವುದುಂಟು. ಆ ಹೆದರಿಕೆಗೆ ಅಡ್ರಿನಲಿನ್ ಎಂಬ ಮದ್ದು ಪಕ್ಕದಲ್ಲೇ ಇರುತ್ತದೆ. ದಾರಿಯಲ್ಲಿ ನಿಂತ ಉಸಿರಿಗೆ ಮಾತ್ರ ಚೀಲ ಒತ್ತುವ ಕೈಯಲ್ಲದೆ ಬೇರೆ ಮದ್ದಿಲ್ಲ. ಎಷ್ಟು ವಯಲ್ ಇದೆ ಎಂದು ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಕೇಳುತ್ತೇವೆ. ಟ್ಯೂಬು ಇಳಿಸಲು ಬರುವವರು ರಾತ್ರಿ ಎಷ್ಟು ಜನ ಇರುತ್ತಾರೆ, ಆಂಬುಲೆನ್ಸಿನಲ್ಲಿ ಬ್ಯಾಗ್ ಒತ್ತಲು ಎರಡನೇ ಜೋಡಿ ಕೈ ಇದೆಯೇ ಎಂದು ಕೇಳಿದ್ದನ್ನು ನಾನಂತೂ ಕೇಳಿಲ್ಲ. ನನ್ನ ಮಟ್ಟಿಗೆ ಆ ರಬ್ಬರ್ ಚೀಲ, ಅದನ್ನು ಒತ್ತಲು ಕಲಿತ ಕೈ, ಇವು ಹತ್ತು ವಯಲ್‌ಗಳ ಪಕ್ಕದಲ್ಲೇ ಎಣಿಕೆಗೆ ಬರಬೇಕಾದವು.

ಮಂತ್ರ ಹಾಕಿಸುವವರ ಬಗ್ಗೆ ಬಹಳ ಬರೆಯುವುದಿಲ್ಲ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಆ ಯಶಸ್ಸೆಲ್ಲ ಮಂತ್ರದ ಖಾತೆಗೆ ಜಮೆ. ಕಟ್ಟುಹಾವಿನ ವಿಷಯದಲ್ಲಿ ಮಂತ್ರದವರಿಗೂ ಅವಕಾಶ ಸಿಗುವುದಿಲ್ಲ, ಯಾಕೆಂದರೆ ಹಾವು ಎಂದೇ ಯಾರಿಗೂ ಹೊಳೆದಿರುವುದಿಲ್ಲ. ಮಂಚ, ಅದು ಇಲ್ಲದಿದ್ದರೆ ಚಾಪೆಯ ಅಡಿಗೆ ಅಂಚು ಸಿಕ್ಕಿಸಿದ ಸೊಳ್ಳೆಪರದೆ, ಇವು ಎರಡೂ ಪ್ರತಿವಿಷಕ್ಕಿಂತ ಅಗ್ಗ. ಲೈನುಮನೆಗೆ ಕಲರ್ ಹೊಡೆಸುವ ಮಾಲೀಕರು ನಾಲ್ಕು ಮಂಚ ಹಾಕಿಸಲು ಯಾಕೆ ಹಿಂದೆ ಮುಂದೆ ನೋಡುತ್ತಾರೋ ನನಗೆ ಅರ್ಥವಾಗಿಲ್ಲ.

ಆಕೆ ಐದು ದಿನ ವೆಂಟಿಲೇಟರಿನ ಮೇಲಿದ್ದಳು. ಮೂರನೇ ದಿನ ಕಾಲಿನ ಹೆಬ್ಬೆರಳು ಅಲುಗಿತು, ನಾಲ್ಕನೇ ದಿನ ಹುಬ್ಬು ಗಂಟಿಕ್ಕಿದಳು. ಆರನೇ ದಿನ ಟ್ಯೂಬು ತೆಗೆದರು. ಮಧ್ಯಾಹ್ನ ನಾವು ಮೂವರೂ ಒಳಗೆ ಹೋದೆವು. ರೆಪ್ಪೆ ಇನ್ನೂ ಸ್ವಲ್ಪ ಭಾರವಾಗಿತ್ತು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಗಂಟಲು ಕೆರೆದುಕೊಂಡು, ಕೇಳಿಸಿಯೂ ಕೇಳಿಸದ ದನಿಯಲ್ಲಿ ಅಂದಳು:

"ಓಲೆ ಎಲ್ಲಿ ಇಟ್ರಿ ಭಾವ?"